ನೆತ್ತರು ಯಾರದು, ಡಿಗ್ರಿ ಯಾರಿಗೆ?

ರಕ್ತ ತೆಗೆದವರನ್ನು 'ಇದನ್ನ ಏನು ಮಾಡಿದ್ರಿ?' ಅಂತ ಬಡವರು ಕೇಳಿದ್ದು ಚರಿತ್ರೆಯಲ್ಲಿ ಕಡಿಮೆ. ಹಾಗೆ ಕೇಳಿದ ಒಬ್ಬ ಹೆಣ್ಣುಮಗಳ ಕತೆ ಇದು. ಆಕೆ ಅಮೆರಿಕದ ಅರಿಜೋನಾದವಳು. ಆದರೆ ಆಕೆಯ ಪ್ರಶ್ನೆ ನಮ್ಮ ಹಟ್ಟಿಗಳದೂ ಹೌದು.

ಗ್ರಾಂಡ್ ಕ್ಯಾನ್ಯನ್ ಎಂಬ ಮಹಾಕಣಿವೆಯ ಒಳಗೆ ಹವಾಸುಪಾಯ್ ಬುಡಕಟ್ಟಿನ ಜನ ಇದ್ದಾರೆ. ಅವರ ಊರು ಸುಪಾಯ್‌ಗೆ ಇವತ್ತಿಗೂ ಮೋಟಾರು ರಸ್ತೆ ಇಲ್ಲ. ಟಪಾಲು ಹೇಸರಗತ್ತೆ ಮೇಲೆ ಇಳಿಯುತ್ತದೆ. 1882ರಲ್ಲಿ ಬಿಳಿಯರ ಸರ್ಕಾರ ಇವರ ಬೇಟೆಯ ನೆಲವನ್ನೆಲ್ಲ ಕಿತ್ತುಕೊಂಡು 518 ಎಕರೆಯೊಳಗೆ ಕಟ್ಟಿಹಾಕಿತು. ಬಡಿದಾಡಿ ಬಡಿದಾಡಿ 1975ರಲ್ಲಿ ಸುಮಾರು 1,85,000 ಎಕರೆ ವಾಪಸು ಪಡೆದರು. 'ನಾವು ಈ ಕಣಿವೆಯಲ್ಲೇ ಹುಟ್ಟಿದವರು' ಎಂಬುದು ಅವರ ನಂಬಿಕೆ. ನೆಲದ ಮೇಲಿನ ಅವರ ಹಕ್ಕಿನ ಬೇರೂ ಅದೇ.

ಈ ಜನಕ್ಕೆ ಸಕ್ಕರೆ ಕಾಯಿಲೆ ಅಮರಿಕೊಂಡಿತು. 1989ರಲ್ಲಿ ಅವರು ತಮಗೆ ಪರಿಚಯವಿದ್ದ, ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞರೊಬ್ಬರ ನೆರವು ಕೇಳಿದರು. 1990ರಿಂದ ರಕ್ತ ತೆಗೆಯುವುದು ಶುರುವಾಯಿತು. ಕಾಯಿಲೆಯ ಮೂಲ ತಿಳಿದರೆ ಮಕ್ಕಳಾದರೂ ಉಳಿದಾವು ಅಂತ ಜನ ತೋಳು ಚಾಚಿದರು.

ಆದರೆ ಅವರು ಸಹಿ ಹಾಕಿದ ಕಾಗದದಲ್ಲಿ ಬರೀ ಸಕ್ಕರೆ ಕಾಯಿಲೆ ಅಂತ ಇರಲಿಲ್ಲ. 'ನಡವಳಿಕೆಯ ಮತ್ತು ವೈದ್ಯಕೀಯ ತೊಂದರೆಗಳ ಕಾರಣ' ಹುಡುಕಲು ಎಂಬರ್ಥದ ಅಗಲವಾದ ಮಾತಿತ್ತು. ಇಂಗ್ಲಿಷು ಅವರ ಮನೆಮಾತಲ್ಲ, ಹೈಸ್ಕೂಲು ಮುಗಿಸದವರೂ ಬಹಳ ಮಂದಿ. ಆ ಅಗಲದ ಬಾಗಿಲಲ್ಲಿ ಬೇರೆಯವೂ ನುಗ್ಗಿದವು. ಅದೇ ರಕ್ತದಲ್ಲಿ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಹುಡುಕಿದರು. ಒಳಸಂಬಂಧದ ಮದುವೆಗಳ ಗುರುತು ಹುಡುಕಿದರು. ಇವರ ಪೂರ್ವಿಕರು ಏಷ್ಯಾದಿಂದ ವಲಸೆ ಬಂದವರು ಎಂಬುದಕ್ಕೂ ಇದೇ ರಕ್ತ ಆಧಾರವಾಯಿತು. ಕೊಟ್ಟವರಿಗೆ ಇದ್ಯಾವುದೂ ಗೊತ್ತಿಲ್ಲ.

ಆಗ ಕಾನೂನಿಗೇನು ಬರವಿತ್ತೆ? ಇರಲಿಲ್ಲ. ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ರೋಗದ 399 ಕಪ್ಪು ಗಂಡಸರಿಗೆ, ಪೆನಿಸಿಲಿನ್ ಬಂದ ಮೇಲೂ ಮದ್ದು ಕೊಡದೆ ಸರ್ಕಾರವೇ ನೋಡುತ್ತಾ ಕೂತಿತ್ತು. ಅದು ಬಯಲಾಗಿ 1974ರಲ್ಲಿ ಅಮೆರಿಕ ಕಾನೂನು ಮಾಡಿತು. ಸಂಶೋಧನೆಗಳನ್ನು ಪರಿಶೀಲಿಸುವ ಸಮಿತಿಗಳು ವಿಶ್ವವಿದ್ಯಾಲಯಗಳಲ್ಲಿ ಬಂದವು. ಅಂದರೆ ಸಮಿತಿಯೂ ಇತ್ತು, ಕಾಗದವೂ ಇತ್ತು, ಸಹಿಯೂ ಇತ್ತು. ಇಲ್ಲದ್ದು ಒಂದೇ: ಆ ಕೋಣೆಯೊಳಗೆ ಹವಾಸುಪಾಯ್ ಮನುಷ್ಯ.

2003ರಲ್ಲಿ ಆ ಮನುಷ್ಯ ಬಂದಳು. ಆ ಬುಡಕಟ್ಟಿನಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಕೆಲವೇ ಮಂದಿಯಲ್ಲಿ ಒಬ್ಬಳಾದ ಕಾರ್ಲೆಟಾ ಟಿಲೌಸಿ, ಡಾಕ್ಟರೇಟ್ ವಿದ್ಯಾರ್ಥಿಯೊಬ್ಬ ತನ್ನ ಪ್ರಬಂಧ ಮಂಡಿಸುವ ಸಭೆಯಲ್ಲಿ ಕೂತಿದ್ದಳು. ಆತ ಹೇಳುತ್ತಿದ್ದದ್ದು ತನ್ನ ಜನರ ರಕ್ತದ ಬಗ್ಗೆ ಅಂತ ತಿಳಿದು ಎದ್ದು ಕೇಳಿದಳು: ಇದಕ್ಕೆ ಅವರ ಅಪ್ಪಣೆ ಪಡೆದಿದ್ದೀರಾ? ಮಂಡನೆ ಅಲ್ಲಿಗೇ ನಿಂತಿತು.

ಮುಂದೆ ಆ ವಿಶ್ವವಿದ್ಯಾಲಯದವರು ತಮ್ಮ ನೆಲ ತುಳಿಯಕೂಡದು ಅಂತ ಬುಡಕಟ್ಟು ಬಹಿಷ್ಕಾರ ಹಾಕಿತು. ನಮ್ಮಲ್ಲಿ ಬಹಿಷ್ಕಾರ ಮೇಲಿನಿಂದ ಕೆಳಕ್ಕೆ ಬೀಳುತ್ತಿತ್ತು, ಇಲ್ಲಿ ಕೆಳಗಿನಿಂದ ಮೇಲಕ್ಕೆ ಏರಿತು! ತಾವು ಪಡೆದ ಒಪ್ಪಿಗೆ ಸಾಕಿತ್ತು, ತಪ್ಪು ಮಾಡಿಲ್ಲ ಅಂತ ಸಂಶೋಧಕಿ ವಾದಿಸಿದರು. ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆದು 2010ರಲ್ಲಿ ರಾಜಿಯಾಯಿತು. 41 ಜನಕ್ಕೆ 7 ಲಕ್ಷ ಡಾಲರ್ ಪರಿಹಾರ. ಉಳಿದಿದ್ದ ರಕ್ತವೂ ವಾಪಸು. ಅದನ್ನು ಇಸಕೊಳ್ಳಲು ಹೋದವರು ಶೀತಪೆಟ್ಟಿಗೆಯ ಮುಂದೆ ಅತ್ತರು. ಕೊಟ್ಟ ಕೆಲವರು ಅಷ್ಟರಲ್ಲಿ ತೀರಿಕೊಂಡಿದ್ದರು. ರಾಜಿಯಾದ್ದರಿಂದ, ಇಂಥ ಒಪ್ಪಿಗೆ ಒಪ್ಪಿಗೆಯೇ ಎಂಬುದಕ್ಕೆ ಕೋರ್ಟಿನ ತೀರ್ಪು ಮಾತ್ರ ಬರಲಿಲ್ಲ.

ನಮ್ಮಲ್ಲೂ 2017ರ ಐಸಿಎಂಆರ್ ಮಾರ್ಗಸೂಚಿ ಇದೆ. ಒಪ್ಪಿಗೆಯನ್ನು ಜನಕ್ಕೆ ತಿಳಿಯುವ ಮಾತಿನಲ್ಲೇ ಕೇಳಬೇಕು, ನೀತಿ ಸಮಿತಿಯಲ್ಲಿ ಸಾಮಾನ್ಯ ಮನುಷ್ಯನೂ ಇರಬೇಕು ಅನ್ನುತ್ತದೆ. ಒಳ್ಳೆಯದು. ಆದರೆ ಬರೆದ ನಿಯಮ ತಾನಾಗಿ ಎದ್ದು ನಿಂತು ಕೇಳುವುದಿಲ್ಲ. ನಮ್ಮ ಮಕ್ಕಳು ವಿಶ್ವವಿದ್ಯಾಲಯಕ್ಕೆ ಹೋಗಬೇಕಾದ್ದು ಬರೀ ನೌಕರಿಗಲ್ಲ, ಆ ಕೋಣೆಯಲ್ಲಿ ಕೂತು ಬಾಯಿ ಬಿಡುವುದಕ್ಕೂ.

ಮೇಷ್ಟ್ರೇ, ನಾಳೆ ನಿಮ್ಮ ಊರಿಗೆ ಹೀಗೊಂದು ಕಾಗದ ಬಂದರೆ, ಹೆಬ್ಬೆಟ್ಟು ಒತ್ತುವ ಮೊದಲು ಅದನ್ನು ಹಟ್ಟಿಯ ಮುಂದೆ ಜೋರಾಗಿ ಕನ್ನಡದಲ್ಲಿ ಓದಿ ಹೇಳಿ. ಅರ್ಥವಾಗದಿದ್ದರೆ ಒತ್ತುವುದು ಬ್ಯಾಡ.