ಪ್ರತಿವಿಷದ ಕಥೆ: ಯಾವ ಹಾವು? ಯಾವ ಊರಿನದು?

ಹಾವು ಕಚ್ಚಿದವರಿಗೆ ಆಸ್ಪತ್ರೆಯಲ್ಲಿ ಪ್ರತಿವಿಷ ಕೊಡುತ್ತಾರೆ ಎಂಬುದು ನಿಮಗೆ ಗೊತ್ತು. ಪುಟ್ಟ ಸೀಸೆಯಲ್ಲಿರುವ ಬಿಳಿಯ ಪುಡಿಯನ್ನು ಶುದ್ಧ ನೀರಿನಲ್ಲಿ ಕರಗಿಸಿ, ರಕ್ತನಾಳದ ಮೂಲಕ ದೇಹಕ್ಕೆ ಸೇರಿಸುತ್ತಾರೆ. ಈ ಮದ್ದು ಹುಟ್ಟಿ 130 ವರ್ಷಗಳು ಕಳೆದಿವೆ. ಆದರೂ 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಜನ, ಹಾವು ಕಚ್ಚಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಮದ್ದು ಇದ್ದೂ ಏಕೆ ಹೀಗೆ? ದೂರದ ಆಸ್ಪತ್ರೆ, ಮಂತ್ರ-ತಂತ್ರಗಳಲ್ಲಿ ಕಳೆದುಹೋಗುವ ಸಮಯ ಇವು ದೊಡ್ಡ ಕಾರಣಗಳು. ಇನ್ನೊಂದು ಕಾರಣ ಮದ್ದಿನ ಚರಿತ್ರೆಯಲ್ಲೇ ಇದೆ.

ವಿಷ ಎಲ್ಲಿದೆ?

ಹಾವಿನ ವಿಷ ಅದರ ಪಿತ್ತದಲ್ಲಿದೆ ಎಂದು ಯೂರೋಪಿನಲ್ಲಿ ಬಹುಕಾಲ ನಂಬಿದ್ದರು. ಇಟಲಿಯ ಫ್ರಾನ್ಸೆಸ್ಕೊ ರೆಡಿ 1664ರಲ್ಲಿ ಇದನ್ನು ಅಲ್ಲಗಳೆದ. ವಿಷ ಹೊರಬರುವುದು ಹಲ್ಲಿನ ಬಳಿಯಿಂದ. ಅದು ಗಾಯದ ಮೂಲಕ ದೇಹ ಸೇರಿದರೆ ಮಾತ್ರ ಅಪಾಯ ಎಂದು ತೋರಿಸಿದ. ಅದೇ ದೇಶದ ಫೆಲಿಚೆ ಫೊಂಟಾನ ಸಾವಿರಾರು ಪ್ರಯೋಗಗಳನ್ನು ನಡೆಸಿ, ಆಗ ಹೆಸರುವಾಸಿಯಾಗಿದ್ದ ಅಮೋನಿಯಾ ಚಿಕಿತ್ಸೆ ನಿಷ್ಪ್ರಯೋಜಕವೆಂದು 1781ರ ತನ್ನ ಗ್ರಂಥದಲ್ಲಿ ಬರೆದ. ಕಲ್ಕತ್ತೆಯಲ್ಲಿದ್ದ ವೈದ್ಯ ಜೋಸೆಫ್ ಫೇರರ್ ಭಾರತದ ವಿಷದ ಹಾವುಗಳ ಬಗ್ಗೆ 1872ರಲ್ಲಿ ದೊಡ್ಡ ಗ್ರಂಥವೊಂದನ್ನು ಹೊರತಂದ. ಅವನು ಪರೀಕ್ಷಿಸಿದ ಹಲವಾರು ಮದ್ದುಗಳಲ್ಲಿ ಯಾವುದೂ ಕೆಲಸ ಮಾಡಲಿಲ್ಲ.

ಹಾಗಾದರೆ ನಾಟಿ ಮದ್ದಿನಿಂದ ಬದುಕಿದವರ ಕಥೆಗಳು ಸುಳ್ಳೇ? ಸುಳ್ಳಾಗಬೇಕಿಲ್ಲ. ನಮ್ಮ ಸುತ್ತಲಿನ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ವಿಷದ ಹಾವು ಕೂಡ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಬದುಕಲೇಬೇಕಾಗಿದ್ದವನು ಬದುಕಿದಾಗ ಕೀರ್ತಿ ಬೇರಿಗೋ ಮಂತ್ರಕ್ಕೋ ಸಲ್ಲುತ್ತದೆ.

ಪಾರಿವಾಳದಿಂದ ಕುದುರೆಗೆ

1887ರಲ್ಲಿ ಅಮೆರಿಕದ ಹೆನ್ರಿ ಸ್ಯೂಯಲ್ ಬುಡುಬುಡಿಕೆ ಹಾವಿನ ವಿಷವನ್ನು ಪಾರಿವಾಳಗಳಿಗೆ ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚಿದ. ಪ್ರಮಾಣವನ್ನು ಮೆಲ್ಲಮೆಲ್ಲನೆ ಹೆಚ್ಚಿಸುತ್ತ ಹೋದ. ಕೊನೆಗೆ ಸಾಮಾನ್ಯ ಪಾರಿವಾಳವನ್ನು ಕೊಲ್ಲುವುದಕ್ಕಿಂತ ಹಲವು ಪಟ್ಟು ವಿಷವನ್ನು ಅವು ತಾಳಿಕೊಂಡವು. 1890ರಲ್ಲಿ ಬೇರಿಂಗ್ ಮತ್ತು ಕಿತಸಾಟೊ ಇನ್ನೊಂದು ಹೆಜ್ಜೆ ಮುಂದಿಟ್ಟರು. ಧನುರ್ವಾಯು ಮತ್ತು ಗಂಟಲಮಾರಿಯ ವಿಷಕ್ಕೆ ಒಗ್ಗಿಸಿದ ಪ್ರಾಣಿಯ ರಕ್ತಸಾರ, ಅಂದರೆ ಸೀರಮ್, ಇನ್ನೊಂದು ಪ್ರಾಣಿಯನ್ನೂ ಕಾಪಾಡುತ್ತದೆ ಎಂದು ತೋರಿಸಿದರು.

ಈ ಎರಡು ಎಳೆಗಳು ಸೇರಿದ್ದು 1894ರ ಫೆಬ್ರವರಿ 10ರಂದು, ಪ್ಯಾರಿಸಿನ ಜೀವವಿಜ್ಞಾನ ಸಂಘದ ಸಭೆಯಲ್ಲಿ. ಫಿಸಾಲಿಕ್ಸ್ ಮತ್ತು ಬರ್ಟ್ರಾಂಡ್ ಒಂದು ಕಡೆ, ಆಲ್ಬರ್ಟ್ ಕಾಲ್ಮೆಟ್ ಇನ್ನೊಂದು ಕಡೆ. ಹಾವಿನ ವಿಷಕ್ಕೆ ಪ್ರತಿವಿಷ ಸಾಧ್ಯವೆಂದು ಅಂದು ಇಬ್ಬರ ಕಡೆಯಿಂದಲೂ ವರದಿ ಬಂತು. ಕಾಲ್ಮೆಟ್ ಮೊದಲು ವಿಯೆಟ್ನಾಮಿನ ಸೈಗಾನಿನಲ್ಲಿದ್ದ. ಅಲ್ಲಿ ನೆರೆ ಬಂದು ನಾಗರಹಾವುಗಳು ಹಳ್ಳಿಯೊಂದರ ಮನೆಗಳಿಗೆ ನುಗ್ಗಿ ಹಲವರನ್ನು ಕಚ್ಚಿದ್ದವು. ಅವನ ಸಂಶೋಧನೆ ಶುರುವಾದದ್ದು ಆ ಹಾವುಗಳ ವಿಷದಿಂದ.

ಒಂದೇ ಮದ್ದು ಎಲ್ಲಕ್ಕೂ?

ನಾಗರಹಾವಿನ ವಿಷದಿಂದ ತಯಾರಾದ ತನ್ನ ಸೀರಮ್ ಎಲ್ಲ ಹಾವುಗಳ ವಿಷಕ್ಕೂ ಸಾಕು ಎಂದು ಕಾಲ್ಮೆಟ್ ನಂಬಿದ್ದ. ಆದರೆ ಬೇರೆ ದೇಶಗಳಿಂದ ಬಂದ ಫಲಿತಾಂಶಗಳು ಅದಕ್ಕೆ ವಿರುದ್ಧವಾಗಿದ್ದವು. ಆಸ್ಟ್ರೇಲಿಯದ ಹಾವುಗಳ ವಿಷಕ್ಕೆ ಅದು ನಾಟುವುದಿಲ್ಲವೆಂದು ಸಿ.ಜೆ. ಮಾರ್ಟಿನ್ ಕಂಡುಕೊಂಡ. ಭಾರತದಲ್ಲಿದ್ದ ವೈದ್ಯಾಧಿಕಾರಿ ಜಾರ್ಜ್ ಲ್ಯಾಂಬ್, ಕೊಳಕು ಮಂಡಲದ ವಿಷದ ಮುಂದೆ ಅದು ಸೋಲುತ್ತದೆಂದು ತೋರಿಸಿದ. ಬ್ರೆಜಿಲಿನ ವೈಟಲ್ ಬ್ರಜಿಲ್ ಕೂಡ ಇದೇ ತೀರ್ಮಾನಕ್ಕೆ ಬಂದು, ತನ್ನ ನಾಡಿನ ಹಾವುಗಳಿಗೆ ಬೇರೆ ಬೇರೆ ಪ್ರತಿವಿಷಗಳನ್ನು ತಯಾರಿಸಿದ.

ಕಾರಣ ಸರಳ. ಹಾವಿನ ವಿಷ ಒಂದೇ ವಸ್ತುವಲ್ಲ, ಹಲವು ಪ್ರೋಟೀನುಗಳ ಮಿಶ್ರಣ. ನಾಗರಹಾವಿನ ವಿಷ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ರೆಪ್ಪೆ ಜೋಲುತ್ತದೆ, ನುಂಗಲು ಕಷ್ಟವಾಗುತ್ತದೆ, ಕೊನೆಗೆ ಉಸಿರು ನಿಲ್ಲುತ್ತದೆ. ಕೊಳಕು ಮಂಡಲದ ವಿಷ ರಕ್ತದಲ್ಲಿನ ಹೆಪ್ಪುಗಟ್ಟಿಸುವ ಅಂಶಗಳನ್ನೆಲ್ಲ ಖರ್ಚು ಮಾಡಿಬಿಡುತ್ತದೆ. ರಕ್ತಸ್ರಾವವಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಒಂದು ಬೀಗದ ಕೀಲಿ ಇನ್ನೊಂದಕ್ಕೆ ಹೇಗೆ ಹೊಂದೀತು?

ನಾಲ್ಕು ಹಾವುಗಳ ಮದ್ದು

ಭಾರತದಲ್ಲಿ ಪ್ರತಿವಿಷದ ತಯಾರಿಕೆ ಕಸೌಲಿಯ ಸಂಶೋಧನಾ ಸಂಸ್ಥೆಯಲ್ಲೂ ಮುಂದೆ ಮುಂಬಯಿಯ ಹಾಫ್‌ಕಿನ್ ಸಂಸ್ಥೆಯಲ್ಲೂ ಬೆಳೆಯಿತು. ಇಂದು ನಮ್ಮ ಆಸ್ಪತ್ರೆಗಳಲ್ಲಿರುವುದು ನಾಗರಹಾವು, ಕಟ್ಟುಹಾವು, ಕೊಳಕು ಮಂಡಲ ಮತ್ತು ಗರಗಸ ಮಂಡಲ ಈ ನಾಲ್ಕರ ವಿಷವನ್ನೂ ಕುದುರೆಗಳಿಗೆ ಚುಚ್ಚಿ ಪಡೆದ ಸಂಯುಕ್ತ ಪ್ರತಿವಿಷ. ಇದರ ಒಂದು ಮಿಲಿಲೀಟರು 0.6 ಮಿಲಿಗ್ರಾಂ ನಾಗರಹಾವಿನ ವಿಷವನ್ನು ತಟಸ್ಥಗೊಳಿಸಬೇಕು; ಕೊಳಕು ಮಂಡಲಕ್ಕೂ ಅಷ್ಟೇ. ಉಳಿದೆರಡಕ್ಕೆ ಈ ಪ್ರಮಾಣ 0.45 ಮಿಲಿಗ್ರಾಂ. ಮಕ್ಕಳಿಗೂ ದೊಡ್ಡವರಷ್ಟೇ ಮದ್ದು ಬೇಕು, ಏಕೆಂದರೆ ಹಾವು ವಯಸ್ಸು ನೋಡಿ ವಿಷ ಬಿಡುವುದಿಲ್ಲ.

ಇಲ್ಲಿಯೇ ಲ್ಯಾಂಬ್ ಕಲಿಸಿದ ಪಾಠ ಮತ್ತೆ ನೆನಪಾಗುವುದು. ನಮ್ಮ ದೇಶದ ಪ್ರತಿವಿಷಕ್ಕೆ ಬೇಕಾದ ವಿಷದ ಬಹುಪಾಲು ಬಂದದ್ದು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ, ಎಂದರೆ ಒಂದೇ ಪ್ರದೇಶದ ಹಾವುಗಳಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ 2019ರಿಂದ ಪ್ರಕಟಿಸಿರುವ ಅಧ್ಯಯನಗಳ ಪ್ರಕಾರ, ಒಂದೇ ಜಾತಿಯ ಹಾವಿನ ವಿಷವೂ ಊರಿಂದೂರಿಗೆ ಬೇರೆಯಾಗುತ್ತದೆ. ಕೆಲವೆಡೆಯ ವಿಷಕ್ಕೆ ಈಗಿನ ಪ್ರತಿವಿಷ ಸಾಲದು. ಪಶ್ಚಿಮ ಘಟ್ಟದ ಗೂನುಮೂತಿಯ ಗುಳಿಮಂಡಲದ ವಿಷಕ್ಕಂತೂ ಈ ಮದ್ದು ಪರಿಣಾಮಕಾರಿಯಲ್ಲ. ಕಾಲ್ಮೆಟ್ ಒಂದು ಹಾವಿನಿಂದ ಎಲ್ಲ ಹಾವುಗಳಿಗೂ ಮದ್ದು ಸಿಕ್ಕಿತೆಂದುಕೊಂಡ. ನಾವು ಒಂದು ಪ್ರದೇಶದ ಹಾವುಗಳಿಂದ ಇಡೀ ದೇಶಕ್ಕೆ ಮದ್ದು ಸಿಕ್ಕಿತೆಂದುಕೊಂಡೆವು.

ಹಾಗೆಂದು ಈಗಿನ ಪ್ರತಿವಿಷವನ್ನು ಹೀಗಳೆಯಬೇಡಿ. ಅದು ಅಸಂಖ್ಯ ಜೀವಗಳನ್ನು ಉಳಿಸಿದೆ. ಬೇಗ ಕೊಟ್ಟಷ್ಟೂ ಒಳ್ಳೆಯದು. ಕಟ್ಟುಹಾವಿನ ವಿಷ ನರತುದಿಗಳನ್ನು ಒಮ್ಮೆ ಹಾಳುಮಾಡಿದರೆ ಪ್ರತಿವಿಷದಿಂದ ಅವು ಸರಿಹೋಗುವುದಿಲ್ಲ. ಅವು ಚೇತರಿಸುವವರೆಗೆ ಯಂತ್ರದ ಉಸಿರಾಟವೇ ಆಸರೆ. ಈ ಹಾವು ರಾತ್ರಿ ನಿದ್ದೆಯಲ್ಲಿರುವವರನ್ನು ಹೆಚ್ಚಾಗಿ ಕಚ್ಚುತ್ತದೆ, ನೋವೂ ಅಷ್ಟಾಗಿ ಇರುವುದಿಲ್ಲ ಎಂಬುದನ್ನು ಮರೆಯದಿರಿ. ಕುದುರೆಯ ಪ್ರೋಟೀನಿಗೆ ಕೆಲವರ ದೇಹ ಪ್ರಾಣಾಪಾಯವಾಗುವಷ್ಟು ತೀವ್ರವಾಗಿ ಪ್ರತಿಕ್ರಿಯಿಸುತ್ತದೆ. ಆದ್ದರಿಂದ ವಿಷವೇರಿದ ಲಕ್ಷಣ ಕಂಡಾಗ ಮಾತ್ರ, ಅಡ್ರಿನಲಿನ್ ಸಿದ್ಧವಿಟ್ಟುಕೊಂಡು, ವೈದ್ಯರು ಇದನ್ನು ಕೊಡುತ್ತಾರೆ.

ನೀವೇನು ಮಾಡಬೇಕು?

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಚೀಪಬೇಡಿ, ಮಂಜುಗಡ್ಡೆ ಇಡಬೇಡಿ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಮುರಿದ ಕೈಕಾಲಿಗೆ ಮಾಡುವಂತೆ ಪಟ್ಟಿ ಕಟ್ಟಿ, ಕಚ್ಚಿದ ಅಂಗ ಅಲುಗಾಡದಂತೆ ಮಾಡಿ. 108ಕ್ಕೆ ಕರೆ ಮಾಡಿ. ಹಾವನ್ನು ಹಿಡಿಯಲು ಹೋಗಬೇಡಿ. ದೂರದಿಂದ ಫೋಟೊ ಸಿಕ್ಕರೆ ಸಾಕು.

2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಎಲ್ಲಿ, ಎಷ್ಟು ಜನರಿಗೆ ಹಾವು ಕಚ್ಚಿತು, ಅವರ ಗತಿ ಏನಾಯಿತು ಎಂಬ ಲೆಕ್ಕ ಸಿಕ್ಕಿದರೆ ಮದ್ದನ್ನು ಎಲ್ಲಿಗೆ ಮುಟ್ಟಿಸಬೇಕೆಂದು ತಿಳಿಯುತ್ತದೆ. ಯಾವ ಊರಿನ ಹಾವಿಗೆ ಹೊಸ ಮದ್ದು ಬೇಕೆಂದು ಹುಡುಕುವವರಿಗೂ ಅದು ದಾರಿ ತೋರಿಸುತ್ತದೆ. ಆಸ್ಪತ್ರೆಯ ಮೆಟ್ಟಿಲು ಹತ್ತದೆ ಸತ್ತವರು ಆ ಲೆಕ್ಕಕ್ಕೆ ಸಿಗುವುದು ಕಷ್ಟ. ನಿಮ್ಮ ಊರಿನಲ್ಲಿ ಹಾವು ಕಚ್ಚಿದವರನ್ನು ಮೊದಲು ಎಲ್ಲಿಗೆ ಕರೆದೊಯ್ಯುತ್ತಾರೆ ಎಂದು ಒಮ್ಮೆ ವಿಚಾರಿಸಿ ನೋಡಿ.