ಸಣ್ಣ ಕಾರಿನ ಎಂಜಿನ್, ಗೇರ್‌ಬಾಕ್ಸ್ ತೊಂದರೆ: ಬಿಲ್ ಕಟ್ಟುವ ಮುಂಚೆ ತಿಳಿದಿರಬೇಕಾದ್ದು

ಬೆಂಗಳೂರು ದಕ್ಷಿಣ: ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಲೇಔಟ್ ಕಡೆ ಸಣ್ಣ ಕಾರು ಇಟ್ಟುಕೊಂಡವರ ಬಾಯಲ್ಲಿ ಬರುವ ದೂರುಗಳು ಹೆಚ್ಚೂಕಮ್ಮಿ ಒಂದೇ ತರ. ಸಿಗ್ನಲ್‌ನಲ್ಲಿ ನಿಂತಾಗ ಗಾಡಿ ನಡುಗುತ್ತೆ. ಒಂದನೇ ಗೇರಿನಿಂದ ಎರಡಕ್ಕೆ ಹೋಗುವಾಗ ಜರ್ಕ್ ಹೊಡೆಯುತ್ತೆ. ಬೆಳಿಗ್ಗೆ ಸ್ಟಾರ್ಟ್ ಆಗಿ ನಾಲ್ಕು ಮನೆ ದಾಟುವಷ್ಟರಲ್ಲಿ ಆಫ್ ಆಗುತ್ತೆ. ಸರ್ವಿಸ್ ಸೆಂಟರಿಗೆ ತಗೊಂಡು ಹೋದರೆ ಸಿಗುವ ಉತ್ತರವೂ ಒಂದೇ: "ಟ್ರಾಫಿಕ್‌ನಲ್ಲೇ ಓಡಿಸ್ತೀರಲ್ಲ ಸಾರ್, ಇಷ್ಟು ಇದ್ದೇ ಇರುತ್ತೆ."

ಈ ಉತ್ತರ ಕೆಲವು ಸಲ ನಿಜ, ಕೆಲವು ಸಲ ಜಾರಿಕೊಳ್ಳುವ ದಾರಿ. ಸವೆದು ಹೋದದ್ದು ಅಂತಾದರೆ ಖರ್ಚು ನಿಮ್ಮದು, ತಯಾರಿಕೆಯಲ್ಲೇ ದೋಷ ಅಂತಾದರೆ ಕಂಪನಿಯದ್ದು. ಹಾಗಾಗಿ ಯಾವುದು ಯಾವುದು ಅಂತ ಮೊದಲು ಗೊತ್ತಿರಬೇಕು.

ಕಿಲೋಮೀಟರ್ ಲೆಕ್ಕ ನಮ್ಮ ಊರಿಗೆ ಸಾಲದು

ಟಾಮ್‌ಟಾಮ್ ಸಂಸ್ಥೆಯ 2024ರ ವರದಿ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ಹೋಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕು. ಅಂದರೆ ಗಂಟೆಗೆ ಹದಿನೇಳೂವರೆ ಕಿ.ಮೀ. ಈ ವೇಗದಲ್ಲಿ 10,000 ಕಿ.ಮೀ. ಓಡಿದ ಕಾರಿನ ಎಂಜಿನ್ ಸುಮಾರು 570 ಗಂಟೆ ಉರಿದಿರುತ್ತೆ. ಹೈವೇಯಲ್ಲಿ ಗಂಟೆಗೆ 60ರಂತೆ ಓಡಿದ್ದರೆ ಅಷ್ಟೇ ದೂರಕ್ಕೆ 167 ಗಂಟೆ ಸಾಕಿತ್ತು. ಮೀಟರ್ ಎರಡಕ್ಕೂ ಒಂದೇ ಸಂಖ್ಯೆ ತೋರಿಸುತ್ತೆ, ಆಯಿಲ್ ಮಾತ್ರ ಮೂರು ಪಟ್ಟಿಗಿಂತ ಹೆಚ್ಚು ದುಡಿದಿರುತ್ತೆ. ಕಾರಿನ ಜೊತೆ ಕೊಡುವ ಪುಸ್ತಕದಲ್ಲಿ ನಿಂತು ನಿಂತು ಓಡುವ, ಧೂಳಿನ ರಸ್ತೆಯ ಗಾಡಿಗಳಿಗೆ ಬೇರೆ ಸರ್ವಿಸ್ ಪಟ್ಟಿ ಸಾಮಾನ್ಯವಾಗಿ ಇರುತ್ತೆ. ಅದನ್ನು ತೆರೆದು ನೋಡುವವರು ಕಡಿಮೆ. ಜಯನಗರ 4ನೇ ಬ್ಲಾಕ್‌ನ ಅಂಗಡಿಗೆ ದಿನಾ ಐದು ಕಿ.ಮೀ. ಹೋಗಿ ಬರುವವರ ಗಾಡಿ ಆ ಪಟ್ಟಿಗೇ ಸೇರಿದ್ದು. ಅಂಥವರು ಕಿಲೋಮೀಟರ್ ತುಂಬಲಿ ಅಂತ ಕಾಯದೆ ತಿಂಗಳ ಲೆಕ್ಕದಲ್ಲಿ ಆಯಿಲ್ ಬದಲಾಯಿಸುವುದು ಒಳ್ಳೆಯದು.

ನಡುಕ ಎಲ್ಲವೂ ದೋಷ ಅಲ್ಲ. ವ್ಯಾಗನ್‌ಆರ್‌ನ ಒಂದು ಲೀಟರ್ ಎಂಜಿನ್, ಟಿಯಾಗೋದ ಪೆಟ್ರೋಲ್ ಎಂಜಿನ್ ಮೂರು ಸಿಲಿಂಡರಿನವು, ನಿಂತಾಗ ಸ್ವಲ್ಪ ಅದುರುವುದು ಅವುಗಳ ಗುಣ. ಆದರೆ ಮೊದಲಿಲ್ಲದ ನಡುಕ ಈಗ ಶುರುವಾಗಿದ್ದರೆ ಎಂಜಿನ್ ಮೌಂಟ್, ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಥ್ರಾಟಲ್ ಬಾಡಿಯ ಕಾರ್ಬನ್ ನೋಡಿಸಬೇಕು. ಇವು ಸಣ್ಣ ಕೆಲಸ. ಇವನ್ನು ನೋಡದೆ ನೇರ ಎಂಜಿನ್ ಬಿಚ್ಚಬೇಕು ಅನ್ನುವ ಗ್ಯಾರೇಜಿನಿಂದ ಗಾಡಿ ವಾಪಸ್ ತಗೊಂಡು ಬನ್ನಿ.

ಗೇರ್‌ಬಾಕ್ಸ್: ಹೆಸರು ಆಟೋಮ್ಯಾಟಿಕ್, ಒಳಗೆ ಬೇರೆ ಬೇರೆ

2014ರಲ್ಲಿ ಮಾರುತಿ ಸೆಲೆರಿಯೋ ಬಂದ ಮೇಲೆ ಕಡಿಮೆ ಬೆಲೆಯ ಎಎಂಟಿ ಕಾರುಗಳು ಎಲ್ಲ ಕಡೆ ಹಬ್ಬಿದವು. ಇದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ಕಾಲು ಕೈ ಬದಲು ಯಂತ್ರ ಮಾಡುತ್ತೆ ಅಷ್ಟೆ. ಆದ್ದರಿಂದ ಕ್ಲಚ್ ಪ್ಲೇಟ್ ಇದರಲ್ಲೂ ಸವೆಯುತ್ತೆ. ಸಿಲ್ಕ್ ಬೋರ್ಡ್ ಡಬಲ್ ಡೆಕ್ಕರ್ ಫ್ಲೈಓವರಿನ ಏರಿನಲ್ಲಿ ಸಾಲು ನಿಂತಾಗ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಮೇಲೇ ಗಾಡಿ ಹಿಡಿದಿಟ್ಟರೆ ಕ್ಲಚ್ ಸುಡುತ್ತಾ ಹೋಗುತ್ತೆ. ಬ್ರೇಕ್ ಒತ್ತಿ ನಿಲ್ಲಿ, ತುಂಬಾ ಹೊತ್ತಾದರೆ ನ್ಯೂಟ್ರಲ್‌ಗೆ ಹಾಕಿ. ಗೇರ್ ಬೀಳದೆ ತಾನಾಗಿ ನ್ಯೂಟ್ರಲ್‌ಗೆ ಹೋಗುವುದು, ಎಚ್ಚರಿಕೆ ದೀಪ ಹತ್ತುವುದು ಮಾತ್ರ ಸವೆತ ಅಂತ ಒಪ್ಪಿಕೊಳ್ಳುವ ವಿಷಯ ಅಲ್ಲ. ಸ್ಕ್ಯಾನರ್ ಹಾಕಿಸಿ ಕೋಡ್ ತೆಗೆಸಿ. ಕೆಲವೊಮ್ಮೆ ಕ್ಲಚ್ ಹಿಡಿಯುವ ಜಾಗವನ್ನು ಕಂಪ್ಯೂಟರಿಗೆ ಮತ್ತೆ ಕಲಿಸಿಕೊಟ್ಟರೇ ಜರ್ಕ್ ನಿಲ್ಲುತ್ತೆ.

ಕ್ಲಚ್ ಹೋಗಿದೆ ಅಂದಾಗ ಮ್ಯಾನುಯಲ್ ಗಾಡಿಯವರು ತಾವೇ ನೋಡಬಹುದು. ಸಮತಟ್ಟಾದ ಜಾಗ, ಮುಂದೆ ಯಾರೂ ಇರಬಾರದು. ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ಕ್ಲಚ್ ನಿಧಾನ ಬಿಡಿ. ಎಂಜಿನ್ ಆಫ್ ಆಗಬೇಕು. ಆಫ್ ಆಗದೆ ಉರೀತಾನೇ ಇದ್ದರೆ ಪ್ಲೇಟ್ ಜಾರುತ್ತಿದೆ. ಒಂದು ಸಲ ಸಾಕು, ಪದೇ ಪದೇ ಮಾಡಬೇಡಿ.

ಡಬಲ್ ಕ್ಲಚ್ ಗೇರ್‌ಬಾಕ್ಸಿನ ಕಥೆ ಬೇರೆ. ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐನಲ್ಲಿ 2013ರಿಂದ 2020ರವರೆಗೆ ಬಂದದ್ದು ಒಣ ಕ್ಲಚ್‌ನ ಏಳು ಗೇರಿನ ಡಿಎಸ್‌ಜಿ. ಅದೇ ಜಾತಿಯ ಗೇರ್‌ಬಾಕ್ಸಿನಲ್ಲಿ ಬಿಸಿ, ತೇವದ ಹವೆ ಮತ್ತು ನಿಂತು ನಿಂತು ಸಾಗುವ ಟ್ರಾಫಿಕ್ ಸೇರಿದರೆ ವಿದ್ಯುತ್ ಭಾಗ ಕೆಡುತ್ತೆ ಅಂತ ಕಂಪನಿ 2013ರಲ್ಲಿ ಜಗತ್ತಿನಾದ್ಯಂತ 16 ಲಕ್ಷ ಕಾರುಗಳ ಸಿಂಥೆಟಿಕ್ ಗೇರ್ ಆಯಿಲ್ ತೆಗೆದು ಮಿನರಲ್ ಆಯಿಲ್ ಹಾಕಿಕೊಡುವ ಕ್ರಮ ಕೈಗೊಂಡಿತು. 2020ರಲ್ಲಿ ಪೋಲೋಗೆ ಬಂದ ಆಟೋಮ್ಯಾಟಿಕ್ ಟಾರ್ಕ್ ಕನ್ವರ್ಟರಿನದ್ದು. ಸೆಕೆಂಡ್ ಹ್ಯಾಂಡ್ ಪೋಲೋ ಕೊಳ್ಳುವವರು ಇಸವಿ ನೋಡಿ ಚೌಕಾಸಿ ಮಾಡಿ.

"ನಿಮ್ಮ ಡ್ರೈವಿಂಗ್ ಸರಿ ಇಲ್ಲ" ಅನ್ನುವ ಮಾತಿಗೆ ಬೆಲೆ ತೆತ್ತ ಕಂಪನಿಯೂ ಇದೆ. ಫಿಯೆಸ್ಟಾ, ಫೋಕಸ್, ಇಕೋಸ್ಪೋರ್ಟ್‌ನ ಪವರ್‌ಶಿಫ್ಟ್ ಗೇರ್‌ಬಾಕ್ಸ್ ನಡುಗುತ್ತೆ ಅಂತ ಬಂದ ಗ್ರಾಹಕರಿಗೆ, ಸಮಸ್ಯೆ ಗೊತ್ತಿದ್ದೂ, ಓಡಿಸುವ ರೀತಿಯೇ ಕಾರಣ ಅಂತ ಹೇಳಿ ಕಳಿಸಿದ್ದಕ್ಕೆ ಆಸ್ಟ್ರೇಲಿಯಾದ ಫೆಡರಲ್ ಕೋರ್ಟ್ 2018ರಲ್ಲಿ ಅಲ್ಲಿನ ಫೋರ್ಡ್‌ಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು.

ಓಡುತ್ತಾ ಓಡುತ್ತಾ ಆಫ್ ಆದರೆ

ಇದನ್ನು ಟ್ರಾಫಿಕ್ ತಲೆಗೆ ಕಟ್ಟಲು ಬಿಡಬೇಡಿ. ಮೊದಲು ರೀಕಾಲ್ ಇದೆಯಾ ನೋಡಿ. 2020ರ ಜುಲೈನಲ್ಲಿ ಮಾರುತಿ ಫ್ಯೂಯಲ್ ಪಂಪ್ ದೋಷಕ್ಕೆ 1,34,885 ವ್ಯಾಗನ್‌ಆರ್ ಮತ್ತು ಬಲೆನೋ ಕಾರುಗಳನ್ನು ವಾಪಸ್ ಕರೆಸಿತು. 2024ರ ಮಾರ್ಚ್‌ನಲ್ಲಿ ಮತ್ತೆ 11,851 ಬಲೆನೋ, 4,190 ವ್ಯಾಗನ್‌ಆರ್. ಇವು 2019ರ ಜುಲೈ 30ರಿಂದ ನವೆಂಬರ್ 1ರ ನಡುವೆ ತಯಾರಾದವು, ಪಂಪ್ ಮೋಟಾರಿನ ದೋಷದಿಂದ ಎಂಜಿನ್ ಆಫ್ ಆಗಬಹುದು ಅಂತ ಕಂಪನಿಯೇ ಹೇಳಿತ್ತು. ಅಮೇಜ್, ಬ್ರಿಯೋ, ಜಾಜ್ ಸೇರಿದಂತೆ 90,468 ಕಾರುಗಳಿಗೆ ಹೋಂಡಾ ಇಂಥದ್ದೇ ರೀಕಾಲ್ ಪ್ರಕಟಿಸಿದ್ದು 2024ರ ಅಕ್ಟೋಬರ್‌ನಲ್ಲಿ. ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿದರೆ ನಿಮ್ಮ ಗಾಡಿ ಪಟ್ಟಿಯಲ್ಲಿದೆಯೇ ಅಂತ ಗೊತ್ತಾಗುತ್ತೆ. ಇದ್ದರೆ ರಿಪೇರಿ ಪುಕ್ಕಟೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದರೆ ನೋಟಿಸ್ ಹಳೇ ಮಾಲೀಕರ ವಿಳಾಸಕ್ಕೆ ಹೋಗಿರಬಹುದು, ಆದ್ದರಿಂದ ನೀವೇ ಹುಡುಕಬೇಕು.

ಮಳೆಗಾಲದ ಒಂದು ಮಾತು. ಸಿಲ್ಕ್ ಬೋರ್ಡ್ ಹತ್ತಿರ ನಿಂತ ನೀರಲ್ಲಿ ಗಾಡಿ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಆ ಒಂದು ಕ್ರ್ಯಾಂಕಿಗೆ ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಎಂಜಿನ್ ಪ್ರೊಟೆಕ್ಟ್ ಸೇರಿಸದ ಇನ್ಶೂರೆನ್ಸ್ ಆದರೆ ಈ ಖರ್ಚು ಸಾಮಾನ್ಯವಾಗಿ ಸಿಗಲ್ಲ. ತಳ್ಳಿ ಪಕ್ಕಕ್ಕೆ ನಿಲ್ಲಿಸಿ, ಟೋ ಮಾಡಿಸಿ.

ಜಾಬ್ ಕಾರ್ಡೇ ನಿಮ್ಮ ಸಾಕ್ಷಿ

ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್ ಸವೆಯುವ ಸಾಮಾನು ಅಂತ ವಾರಂಟಿಯಿಂದ ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಹಾಗಾಗಿ ದೂರನ್ನು "ಕ್ಲಚ್ ಪ್ರಾಬ್ಲಮ್" ಅಂತ ಬರೆಸಬೇಡಿ. ಏನಾಗುತ್ತೋ ಅದನ್ನೇ ಬರೆಸಿ: ಎಷ್ಟು ವೇಗದಲ್ಲಿ, ಎಂಜಿನ್ ಬಿಸಿಯಾದ ಮೇಲಾ ಮುಂಚೆಯಾ, ಎಷ್ಟು ಸಲ. ಮೀಟರ್ ಕಾಣುವಂತೆ ವಿಡಿಯೋ ತೆಗೆದಿಡಿ. ಟೆಸ್ಟ್ ಡ್ರೈವಿಗೆ ಟೆಕ್ನಿಷಿಯನ್ ಪಕ್ಕ ನೀವೂ ಕೂತುಕೊಳ್ಳಿ. "ಏನೂ ತೊಂದರೆ ಕಾಣಲಿಲ್ಲ" ಅಂದರೆ ಅದನ್ನೂ ಬರವಣಿಗೆಯಲ್ಲಿ ಕೇಳಿ, ಸ್ಕ್ಯಾನರ್ ಪ್ರಿಂಟ್ ಪಡೆಯಿರಿ. ದುಡ್ಡು ಕೊಟ್ಟು ಬದಲಿಸಿದ ಹಳೇ ಪಾರ್ಟ್ ವಾಪಸ್ ತಗೊಳ್ಳಿ.

ಮೂರು ನಾಲ್ಕು ಸಲ ಬಿಟ್ಟರೂ ಸರಿಹೋಗದಿದ್ದರೆ ಮೊದಲು ಕಂಪನಿಗೆ ಇ-ಮೇಲ್, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ತೊಂದರೆ ಎದ್ದ ಎರಡು ವರ್ಷದೊಳಗೆ ಹಾಕಬೇಕು. ನೀವು ವಾಸ ಇರುವ ಜಾಗದಲ್ಲೇ ಹಾಕಬಹುದು. ಕಾರಿಗೆ ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ದೋಷ ಪತ್ತೆಗೆ ಆಯೋಗವೇ ಗಾಡಿಯನ್ನು ಪರೀಕ್ಷೆಗೆ ಕಳಿಸಬಹುದು.

ಹೊಸ ಕಾರೇ ಕೊಡಿಸ್ತಾರೆ ಅಂತ ಮಾತ್ರ ಲೆಕ್ಕ ಹಾಕಬೇಡಿ. ವಾರಂಟಿ ಅಂದರೆ ಕೆಟ್ಟ ಭಾಗ ಸರಿಪಡಿಸುವ ಅಥವಾ ಬದಲಿಸುವ ಹೊಣೆ, ಇಡೀ ಗಾಡಿ ಬದಲಿಸುವುದಲ್ಲ ಅಂತ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಅಂಗಡಿಯವರಿಗೆ ಇನ್ನೊಂದು ತೊಡಕು: ವ್ಯಾಪಾರಕ್ಕೆ ಅಂತ ಕೊಂಡ ಗಾಡಿಗೆ ಗ್ರಾಹಕ ಕಾಯ್ದೆ ಅನ್ವಯಿಸಲ್ಲ. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಕೊಂಡಿದ್ದರೆ ವಿನಾಯಿತಿ ಇದೆ, ಆದರೆ ಅದನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಬೇಕು. ಕಾರು ಫರ್ಮ್ ಹೆಸರಲ್ಲಿದ್ದರೆ ದೂರು ಹಾಕುವ ಮುಂಚೆ ವಕೀಲರನ್ನು ಕೇಳಿ.