ಓಲೆಕಟ್ಟಿನ ಹೆಸರಿನಿಂದ ಡಿಜಿಟಲ್ ಸಂಗ್ರಹದ ವಿವರಣೆಗೆ

ಒಂದು ಸಂಗ್ರಹದಲ್ಲಿ ಏನಿದೆ ಎಂಬುದನ್ನು ಅದನ್ನು ಕಣ್ಣಾರೆ ಕಾಣದವರಿಗೆ ನಾಲ್ಕು ಸಾಲಿನಲ್ಲಿ ತಿಳಿಸುವ ಕೆಲಸ ಕನ್ನಡ ನಾಡಿನಲ್ಲಿ ಕಂಪ್ಯೂಟರಿನ ಜೊತೆಗೆ ಬಂದದ್ದಲ್ಲ. ಮಠ, ಬಸದಿ, ಅರಮನೆಗಳ ಭಂಡಾರಗಳಲ್ಲಿ ತಾಳೆಗರಿಯ ಕಟ್ಟುಗಳಿಗೆ ಹೆಸರು ಬರೆದಿಡುವ ರೂಢಿ ಹಳೆಯದು. ಆದರೆ ಆ ಹೆಸರು ಸಾಲುತ್ತಿದ್ದದ್ದು ಭಂಡಾರದ ಒಳಗಿನವರಿಗೆ ಮಾತ್ರ. ಒಂದೇ ಕಟ್ಟಿನಲ್ಲಿ ಮೊದಲಿಗೆ ಒಂದು ಪುರಾಣ, ಅದರ ಬೆನ್ನಿಗೆ ಒಂದು ಶತಕ, ಕೊನೆಯ ಗರಿಗಳಲ್ಲಿ ನಾಲ್ಕಾರು ಔಷಧಗಳ ವಿವರ ಇರುವುದುಂಟು. ಮೇಲಿನ ಹೆಸರು ಮೊದಲ ಕೃತಿಯದಾದರೆ ಉಳಿದವು ಇವೆಯೆಂದು ತಿಳಿಯುವುದು ಕಟ್ಟು ಬಿಚ್ಚಿದವರಿಗಷ್ಟೇ.

ಹೊರಗಿನವರಿಗಾಗಿ ವಿವರಣೆ ಬರೆಯುವ ಅಗತ್ಯ ದೊಡ್ಡ ಪ್ರಮಾಣದಲ್ಲಿ ಹುಟ್ಟಿದ್ದು ಕಾಲಿನ್ ಮೆಕೆಂಜಿಯ ಸಂಗ್ರಹದಿಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಮೋಜಣಿಯ ಹೊಣೆ ಹೊತ್ತ ಈ ಸೇನಾಧಿಕಾರಿ, ಭೂಮಿಯ ಅಳತೆಯ ಜೊತೆಗೆ ಶಾಸನಗಳ ನಕಲು, ಓಲೆಗ್ರಂಥ, ಊರೂರಿನ ಸ್ಥಳಚರಿತ್ರೆ ಹೇಳುವ ಕೈಫಿಯತ್ತುಗಳನ್ನೂ ಕೂಡಿಹಾಕಿದ. ಇವನ್ನು ಊರವರಿಂದ, ಶಾನುಭೋಗರಿಂದ, ಮಠಗಳವರಿಂದ ಪಡೆದು ಓದಿ ಸಾರ ಬರೆದವರು ಅವನ ಕೈಕೆಳಗಿನ ದೇಶೀ ವಿದ್ವಾಂಸರು. ಕಾವಲಿ ವೆಂಕಟ ಬೋರಯ್ಯ ಮೊದಲಿಗ; 1803ರಲ್ಲಿ ಅವನು ತೀರಿಕೊಂಡ ಬಳಿಕ ತಮ್ಮ ಲಕ್ಷ್ಮಯ್ಯ ಆ ಕೆಲಸ ಮುಂದುವರಿಸಿದ. ಜೈನ ಗ್ರಂಥಗಳ ವಿಷಯದಲ್ಲಿ ಮಲೆಯೂರಿನ ಧರ್ಮಯ್ಯ ನೆರವಾದ.

1821ರಲ್ಲಿ ಮೆಕೆಂಜಿ ಸತ್ತಾಗ ಸಂಗ್ರಹವೇನೋ ಇತ್ತು, ಸೂಚಿ ಇರಲಿಲ್ಲ. ಈಸ್ಟ್ ಇಂಡಿಯಾ ಕಂಪನಿ ಅದನ್ನು ಅವನ ವಿಧವೆಯಿಂದ ಕೊಂಡಿತು. ಸಂಸ್ಕೃತ ವಿದ್ವಾಂಸ ಎಚ್. ಎಚ್. ವಿಲ್ಸನ್ 1828ರಲ್ಲಿ ಕಲ್ಕತ್ತೆಯಲ್ಲಿ ಎರಡು ಸಂಪುಟಗಳ ವಿವರಣಾತ್ಮಕ ಸೂಚಿಯನ್ನು ಹೊರತಂದ. ಕೃತಿಯ ಹೆಸರು, ಓಲೆಯೋ ಕಾಗದವೋ ಎಂಬ ಗುರುತು, ಅದರ ಕೆಳಗೆ ವಿಷಯದ ಕಿರುಸಾರ: ಇಂದಿಗೂ ಗುರುತಿಸಬಹುದಾದ ಮಾದರಿ ಅದು. ಆದರೆ ದಕ್ಷಿಣದ ಭಾಷೆಗಳು ವಿಲ್ಸನ್‌ಗೆ ಬರುತ್ತಿರಲಿಲ್ಲ. ಕನ್ನಡ, ತೆಲುಗು, ತಮಿಳು ಗ್ರಂಥಗಳ ಮಟ್ಟಿಗೆ ಅವನು ನೆಚ್ಚಿದ್ದು ದೇಶೀ ಸಹಾಯಕರು ಇಂಗ್ಲಿಷಿನಲ್ಲಿ ಸಿದ್ಧಪಡಿಸಿದ ಟಿಪ್ಪಣಿಗಳನ್ನು. ಹೀಗಾಗಿ ಓದುಗನಿಗೆ ಸಿಕ್ಕಿದ್ದು ಸಾರದ ಸಾರ. ಮೂಲ ಓದಿದವನೊಬ್ಬ, ವಿವರಣೆ ಬರೆದವನು ಇನ್ನೊಬ್ಬ ಎಂಬ ಈ ಸ್ಥಿತಿ ಸೂಚಿಗಳ ಚರಿತ್ರೆಯಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಮುಖಪುಟದಲ್ಲಿ ಹೆಸರು ಉಳಿಯುವುದು ಎರಡನೆಯವನದೇ. ವಿಲ್ಸನ್‌ನ ಬಳಿಕ ವಿಲಿಯಂ ಟೇಲರ್ 1857ರಿಂದ 1862ರ ನಡುವೆ ಮದರಾಸಿನಲ್ಲಿ ಮೂರು ಸಂಪುಟಗಳ ಮತ್ತೊಂದು ಸೂಚಿಯನ್ನು ಪ್ರಕಟಿಸಿದ.

ಮೈಸೂರಿನಲ್ಲಿ ಬಿ. ಎಲ್. ರೈಸ್ 1884ರಲ್ಲಿ ಮೈಸೂರು ಮತ್ತು ಕೊಡಗಿನ ಸಂಸ್ಕೃತ ಹಸ್ತಪ್ರತಿಗಳ ಸೂಚಿಯನ್ನು ಅಚ್ಚು ಹಾಕಿಸಿದರು. 1891ರಲ್ಲಿ ಪ್ರಾಚ್ಯ ಗ್ರಂಥಾಲಯ ಸ್ಥಾಪನೆಯಾದ ಮೇಲೆ ಹಸ್ತಪ್ರತಿಗಳು ಒಂದೇ ಸೂರಿನಡಿ ಸೇರತೊಡಗಿದವು. ತಂಜಾವೂರು ಕಡೆಯ ಪಂಡಿತರೊಬ್ಬರಿಂದ ಬಂದ, ಗ್ರಂಥ ಲಿಪಿಯಲ್ಲಿದ್ದ ಒಂದು ಓಲೆಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದ್ದೂ, 1909ರಲ್ಲಿ ಪ್ರಕಟಿಸಿದ್ದೂ ಇಲ್ಲಿಯೇ. ಮುಂದೆ 1966ರಲ್ಲಿ ಆರಂಭವಾದ ಕನ್ನಡ ಅಧ್ಯಯನ ಸಂಸ್ಥೆ ಕನ್ನಡ ಹಸ್ತಪ್ರತಿಗಳ ವರ್ಣನಾತ್ಮಕ ಸೂಚಿಯನ್ನು ಸಂಪುಟ ಸಂಪುಟವಾಗಿ ತಂದಿತು. ಅದಕ್ಕೂ ಮೊದಲು, 1948ರಲ್ಲಿ, ಮೂಡುಬಿದಿರೆ ಮೊದಲಾದ ಕಡೆಗಳ ಜೈನ ಭಂಡಾರಗಳ ಓಲೆಗಳಿಗೆ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಸೂಚಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಹೊರಬಂದಿತ್ತು.

ಇಂಥ ಸೂಚಿಗಳಲ್ಲಿ ಒಂದು ನಮೂದಿನ ಚೌಕಟ್ಟು ಕ್ರಮೇಣ ಗಟ್ಟಿಯಾಯಿತು. ಕೃತಿ, ಕರ್ತೃ, ಲಿಪಿ, ಗರಿಗಳ ಸಂಖ್ಯೆ, ಗರಿಯ ಉದ್ದಗಲ, ಪುಟಕ್ಕೆ ಎಷ್ಟು ಸಾಲು, ಸಾಲಿಗೆ ಎಷ್ಟು ಅಕ್ಷರ, ಸಮಗ್ರವೋ ಅಸಮಗ್ರವೋ, ಹುಳು ತಿಂದಿದೆಯೋ ಅಂಚು ಮುರಿದಿದೆಯೋ. ಆಮೇಲೆ ಕೃತಿಯ ಆದಿ, ಅಂತ್ಯ ಮತ್ತು ಪುಷ್ಪಿಕೆ, ಅಂದರೆ ಕೊನೆಯ ಸಮಾಪ್ತಿವಾಕ್ಯ. ಆದಿ–ಅಂತ್ಯಗಳನ್ನು ಇದ್ದಂತೆಯೇ ಎತ್ತಿಬರೆಯುವುದು ಬರಿಯ ಶಾಸ್ತ್ರಕ್ಕಲ್ಲ. ಸೂಚಿಕಾರ ಹೆಸರು ತಪ್ಪಿದರೂ ಬೇರೊಬ್ಬ ವಿದ್ವಾಂಸ ಆ ಸಾಲುಗಳಿಂದಲೇ ಕೃತಿಯನ್ನು ಪತ್ತೆಹಚ್ಚಬಲ್ಲ.

ಹೆಸರನ್ನೇ ನಂಬಿದರೆ ಏನಾಗುತ್ತದೆಂಬುದಕ್ಕೆ ಪಂಪ ರಾಮಾಯಣವೇ ಸಾಕು. ಇದು 941ರ ಸುಮಾರಿನಲ್ಲಿ ವಿಕ್ರಮಾರ್ಜುನ ವಿಜಯ ಬರೆದ ಪಂಪನದಲ್ಲ. ಅಭಿನವ ಪಂಪನೆನಿಸಿಕೊಂಡ, ಸುಮಾರು 1100ರ ನಾಗಚಂದ್ರನದು. ಕೃತಿಯ ನಿಜವಾದ ಹೆಸರು ರಾಮಚಂದ್ರಚರಿತ ಪುರಾಣ. ಕರ್ತೃವಿನ ಜಾಗದಲ್ಲಿ ಬರಿದೇ ‘ಪಂಪ’ ಎಂದು ಬರೆದರೆ ಒಂದೂವರೆ ಶತಮಾನ ಅಳಿಸಿಹೋಗುತ್ತದೆ. ಕವಿರಾಜಮಾರ್ಗದ ಕಥೆ ಇನ್ನೂ ತೊಡಕಿನದು. ಗ್ರಂಥ ಅರಸ ನೃಪತುಂಗನ ಸಮ್ಮತಿ ಪಡೆದದ್ದೆಂದು ಸಾರುವ ಪಠ್ಯವನ್ನು ಕೆಲವರು ಅರಸನೇ ಕರ್ತೃವೆಂಬ ಅರ್ಥದಲ್ಲಿ ಓದಿದರು, ಕೆಲವರು ಶ್ರೀವಿಜಯನತ್ತ ಬೊಟ್ಟು ಮಾಡಿದರು. ಇಂಥಲ್ಲಿ ಸೂಚಿಕಾರ ತೀರ್ಪು ಕೊಡಬೇಕಾಗಿಲ್ಲ. ಪಠ್ಯದಲ್ಲಿ ಏನಿದೆ, ಚರ್ಚೆ ಯಾವುದರ ಸುತ್ತ ಎಂದು ಒಂದೆರಡು ವಾಕ್ಯದಲ್ಲಿ ತಿಳಿಸಿದರೆ ಅವನ ಕೆಲಸ ಮುಗಿಯಿತು.

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಈ ಚೌಕಟ್ಟಿಗೆ ಅಂತರರಾಷ್ಟ್ರೀಯ ರೂಪ ಬಂತು. ಪತ್ರಾಗಾರಗಳ ಅಂತರರಾಷ್ಟ್ರೀಯ ಮಂಡಳಿ 1994ರಲ್ಲಿ ಪ್ರಕಟಿಸಿದ ನಿಯಮಗಳ ಪ್ರಕಾರ ವಿವರಣೆ ಇಡೀ ಸಂಗ್ರಹದಿಂದ ಬಿಡಿ ದಾಖಲೆಯತ್ತ ಇಳಿಯಬೇಕು, ಮೇಲಿನ ಹಂತದಲ್ಲಿ ಹೇಳಿದ್ದು ಕೆಳಗಿನ ಹಂತದಲ್ಲಿ ಮರುಕಳಿಸಬಾರದು. 1995ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಡಬ್ಲಿನ್‌ನಲ್ಲಿ ನಡೆದ ಸಭೆಯಿಂದ ಹೊರಟ ಡಬ್ಲಿನ್ ಕೋರ್ ಡಿಜಿಟಲ್ ದಾಖಲೆಗಳಿಗೆ ಹದಿನೈದು ಅಂಶಗಳನ್ನು ಗೊತ್ತುಮಾಡಿತು. ವಿವರಣೆ ಅವುಗಳಲ್ಲಿ ಒಂದು. ಭಾರತದಲ್ಲಿ 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಪ್ರತಿ ಹಸ್ತಪ್ರತಿಗೂ ಒಂದೇ ಮಾದರಿಯ ನಮೂನೆಯನ್ನು ಊರೂರಿಗೆ ಒಯ್ದಿತು.

ನಮೂನೆ ತುಂಬಿದ ಮಾತ್ರಕ್ಕೆ ವಿವರಣೆ ಆಗುವುದಿಲ್ಲ ಎಂಬುದನ್ನು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ತೋರಿಸಿಕೊಟ್ಟಿತು. ಸ್ಕ್ಯಾನ್ ಆದ ಸಾವಿರಾರು ಕನ್ನಡ ಪುಸ್ತಕಗಳ ಹೆಸರುಗಳು ಅಲ್ಲಿ ರೋಮನ್ ಅಕ್ಷರಗಳಲ್ಲಿದ್ದವು. ಲಕಾರ–ಳಕಾರ, ನಕಾರ–ಣಕಾರಗಳ ಭೇದ ಅಳಿಸಿತ್ತು, ಹ್ರಸ್ವ–ದೀರ್ಘಗಳು ಕಲೆಸಿಹೋಗಿದ್ದವು. ಕನ್ನಡದಲ್ಲಿ ಹುಡುಕಿದವನಿಗೆ ಪುಸ್ತಕ ಇದ್ದೂ ಇಲ್ಲದಂತೆ. ಕಪಾಟಿನ ಮುಂದೆ ನಿಂತವನು ಬೆನ್ನು ನೋಡಿ, ಪುಟ ತಿರುವಿ ತಪ್ಪು ತಿದ್ದಿಕೊಳ್ಳಬಲ್ಲ. ಚಿತ್ರರೂಪದ ಪುಟಗಳ ಒಳಗನ್ನು ಹುಡುಕುಯಂತ್ರ ಓದುವಂತಿಲ್ಲದಿದ್ದರೆ ಅದಕ್ಕೆ ಸಿಗುವುದು ನಮೂದಿನ ಪದಗಳಷ್ಟೇ. ಈ ಕೊರತೆಯನ್ನು ತುಂಬಲು ಹೊರಟ ಪುಸ್ತಕ ಸಂಚಯ ಎಂಬ ಜಾಲತಾಣ, ಸಮುದಾಯದ ನೆರವಿನಿಂದ ಪುಸ್ತಕ, ಲೇಖಕರ ಹೆಸರುಗಳನ್ನು ಕನ್ನಡ ಲಿಪಿಗೆ ತಂದು ಹುಡುಕಲು ಬರುವಂತೆ ಮಾಡಿತು.

ಡಿಜಿಟಲ್ ಸಂಗ್ರಹಕ್ಕೆ ಬರೆಯುವ ಇಂದಿನ ಒಳ್ಳೆಯ ವಿವರಣೆಯೂ ಹಳೆಯ ಸೂಚಿಯ ಜಾಡಿನಲ್ಲೇ ಇದೆ. ಮೊದಲ ವಾಕ್ಯದಲ್ಲೇ ಇವು ಏನು, ಯಾರವು, ಯಾವ ಕಾಲದವು, ಎಷ್ಟು ಎಂಬುದು ಬರುತ್ತದೆ. ನಂತರ ವಿಷಯ, ಊರು, ವ್ಯಕ್ತಿಗಳು. ಹುಡುಕುವವರು ಬಳಸುವ ಹಳೆಯ, ಹೊಸ ಹೆಸರುಗಳೆರಡೂ. ‘ಅಮೂಲ್ಯ’, ‘ಅಪರೂಪದ’ ಎಂಬ ವಿಶೇಷಣಗಳು ಓದುಗನಿಗೆ ಏನನ್ನೂ ತಿಳಿಸವು. ಯಾವ ವರ್ಷಗಳ ಸಂಚಿಕೆಗಳಿಲ್ಲ, ಯಾವ ಗರಿಗಳು ಸ್ಕ್ಯಾನ್ ಆಗಿಲ್ಲ ಎಂಬ ಮಾತು ತಿಳಿಸುತ್ತದೆ. ಅಚ್ಚಾದ ಸೂಚಿಯ ತಪ್ಪು ಮುಂದಿನ ಮುದ್ರಣದವರೆಗೆ ಕಾಯಬೇಕಿತ್ತು. ಗಣಕದ ನಮೂದನ್ನು ಯಾವಾಗ ಬೇಕಾದರೂ ತಿದ್ದಬಹುದಾದ್ದರಿಂದ, ಅದನ್ನು ಬರೆದವರು ಯಾರು, ತಿದ್ದಿದವರು ಯಾರು, ಯಾವ ದಿನ ಎಂಬುದನ್ನೂ ವಿವರಣೆಯ ಭಾಗವಾಗಿಯೇ ದಾಖಲಿಸಲು ಪತ್ರಾಗಾರ ನಿಯಮಗಳು ಜಾಗ ಕೊಟ್ಟಿವೆ.